ಶೇರಿ ನಾಲೆಗೂ ಒಂದಿಷ್ಟು ನೆಲ

ಮಳೆಗಾಲ ಬಂತೆಂದರೆ ಸಾಂಗಲಿಯ ಜನ ಬೆಳಿಗ್ಗೆ ಎದ್ದು ಮೊದಲು ವಿಚಾರಿಸುವುದು ಒಂದು ಅಂಕಿಯನ್ನು. ಆಯರ್ವಿನ್ ಸೇತುವೆಯ ಹತ್ತಿರ ಕೃಷ್ಣೆ ಎಷ್ಟು ಅಡಿಗೆ ಬಂದಿದೆ? 1929ರಲ್ಲಿ ಸಂಚಾರಕ್ಕೆ ತೆರೆದ ಈ ಸೇತುವೆಗೆ ಆಗಿನ ವೈಸ್‌ರಾಯ್ ಲಾರ್ಡ್ ಇರ್ವಿನ್ ಅವರ ಹೆಸರಿದೆ. ಅಲ್ಲಿ 40 ಅಡಿಗೆ ಎಚ್ಚರಿಕೆ, 45 ಅಡಿಗೆ ಅಪಾಯ. 2005, 2019 ಮತ್ತು 2021ರಲ್ಲಿ ನೀರು 50 ಅಡಿಯನ್ನೂ ದಾಟಿತು; 2019ರ ಆಗಸ್ಟ್‌ನಲ್ಲಂತೂ 57 ಅಡಿ ಮೀರಿ, ಊರಿನ ಬಹುಭಾಗ ದಿನಗಟ್ಟಲೆ ನೀರಿನಲ್ಲಿ ನಿಂತಿತು. ಅದೇ ಮಹಾಪೂರದಲ್ಲಿ ಪಲೂಸ್ ತಾಲ್ಲೂಕಿನ ಬ್ರಹ್ಮನಾಳದಲ್ಲಿ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ಸತ್ತರು.

ಆದರೆ ಸೇತುವೆಯ ಗುರುತು 40ನ್ನು ಮುಟ್ಟುವ ಮೊದಲೇ ಗಂಟುಮೂಟೆ ಕಟ್ಟಿಕೊಂಡು ಹೊರಡುವವರು ಈ ಊರಿನಲ್ಲಿದ್ದಾರೆ. ಸೂರ್ಯವಂಶಿ ಪ್ಲಾಟ್, ಇನಾಮದಾರ ಪ್ಲಾಟ್, ದತ್ತನಗರ, ಕಾಕಾನಗರ: ಮಳೆ ಜೋರಾದ ವರ್ಷಗಳಲ್ಲಿ ಸುದ್ದಿಯಲ್ಲಿ ಮೊದಲು ಬರುವ ಹೆಸರುಗಳು ಇವೇ. ಹೊಳೆಯ ದಂಡೆ ಇನ್ನೂ ಗಟ್ಟಿಯಾಗಿ ನಿಂತಿರುವಾಗಲೇ ಇಲ್ಲಿನ ಓಣಿಗಳಿಗೆ ನೀರು ಬಂದಿರುತ್ತದೆ. ಬರುವುದು ದಂಡೆಯನ್ನು ಹಾರಿಕೊಂಡಲ್ಲ, ಊರಿನ ತಗ್ಗುಗಳ ಮೂಲಕ, ನಾಲೆಗಳ ಮೂಲಕ, ಹಿಮ್ಮುಖವಾಗಿ. ಆ ನಾಲೆಗಳಲ್ಲಿ ದೊಡ್ಡದು, ಹೆಸರು ಕೆಡಿಸಿಕೊಂಡದ್ದು, ಶೇರಿ ನಾಲೆ.

ಸಾಂಗಲಿಯ ಹೊರಗೆ ಈ ಹೆಸರನ್ನು ಕೇಳಿದವರು ಕಡಿಮೆ. ಸುತ್ತಲಿನ ಎರೆಹೊಲಗಳ ಮಳೆನೀರನ್ನು ಕೃಷ್ಣೆಗೆ ಮುಟ್ಟಿಸುವುದು ಇಂಥ ಹಳ್ಳದ ಮೂಲ ಕೆಲಸ. ಊರು ಬೆಳೆದಂತೆ ಹೊಲಗಳು ಪ್ಲಾಟುಗಳಾದವು, ಗಟಾರಗಳು ಹಳ್ಳಕ್ಕೆ ಕೂಡಿದವು, ಮಳೆಗಾಲದಲ್ಲಷ್ಟೇ ಹರಿಯುತ್ತಿದ್ದದ್ದು ಹನ್ನೆರಡು ತಿಂಗಳೂ ಕಪ್ಪಗೆ ಹರಿಯತೊಡಗಿತು. ಇಂದು ಅದು ಅಧಿಕಾರಿಗಳ ಕಡತದಲ್ಲಿ ಮಾಲಿನ್ಯದ ಪ್ರಕರಣ, ಚುನಾವಣೆಯಲ್ಲಿ ಭರವಸೆ, ಅದರ ಮಗ್ಗುಲಲ್ಲಿ ಮನೆ ಮಾಡಿದವರಿಗೆ ಮೂಗು ಮುಚ್ಚಿಕೊಳ್ಳುವ ದಿನಚರಿ. ಅದು ಒಂದು ಹಳ್ಳ, ಹಳ್ಳಕ್ಕೆ ಉಬ್ಬಲು ಮತ್ತು ಇಳಿಯಲು ನೆಲ ಬೇಕು ಎಂಬ ಮಾತು ಮಾತ್ರ ಎಲ್ಲಿಯೂ ಗಟ್ಟಿಯಾಗಿ ಕೇಳುವುದಿಲ್ಲ. ಈ ಲೇಖನದ ವಾದವೂ ಅಷ್ಟೇ: ಶೇರಿ ನಾಲೆಗೆ ಅದರ ನೆಲವನ್ನು ಮರಳಿ ಕೊಡಬೇಕು, ಆ ನೆಲವೇ ಊರಿನ ಉದ್ಯಾನವಾಗಬೇಕು, ಮತ್ತು ಆ ಕೆಲಸದ ಭಾರ ತಗ್ಗಿನಲ್ಲಿರುವ ಬಡವರ ತಲೆಯ ಮೇಲೆ ಬೀಳಬಾರದು.

ಕನ್ನಡದ ಓದುಗರಿಗೆ ಇದೇಕೆ ಎಂದು ಕೇಳಿದರೆ ಉತ್ತರ ಹೊಳೆಯಲ್ಲೇ ಇದೆ. ಸಾಂಗಲಿಯನ್ನು ದಾಟಿದ ಕೃಷ್ಣೆ ಹರಿಪುರದಲ್ಲಿ ವಾರಣೆಯನ್ನು, ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು, ರಾಜಾಪುರದ ಬಾಂದಾರವನ್ನು ದಾಟಿ ಚಿಕ್ಕೋಡಿ, ಕಾಗವಾಡ, ಕುಡಚಿಯ ಕಡೆಗೆ ಬರುತ್ತದೆ. ಬೇಸಿಗೆಯಲ್ಲಿ ಆ ಊರುಗಳ ಜನ ಕುಡಿಯುವ, ಕಬ್ಬಿಗೆ ಹಾಯಿಸುವ ನೀರಿನಲ್ಲಿ ಶೇರಿ ನಾಲೆಯ ಪಾಲೂ ಇದೆ. ಮಿರಜದ ಕೃಷ್ಣಾಘಾಟ್ ಇರುವುದೂ ಸಾಂಗಲಿಯ ಕೆಳಗೆ. ಉತ್ತರ ಕರ್ನಾಟಕಕ್ಕೆ ಮಿರಜ ಎಂದೂ ಪರಸ್ಥಳವಾಗಿರಲಿಲ್ಲ. 1894ರಲ್ಲಿ ವಿಲಿಯಂ ವಾನ್‌ಲೆಸ್ ಕಟ್ಟಿದ ಆಸ್ಪತ್ರೆಗೆ ಬೆಳಗಾವಿ, ವಿಜಾಪುರ ಸೀಮೆಯಿಂದ ರೋಗಿಗಳನ್ನು ಕರೆದೊಯ್ದ ತಲೆಮಾರುಗಳಿವೆ. ಮಲ್ಲಿಕಾರ್ಜುನ ಮನ್ಸೂರರು ನೀಲಕಂಠಬುವಾ ಅವರಲ್ಲಿ ಸಂಗೀತ ಕಲಿತದ್ದು ಮಿರಜದಲ್ಲೇ. ಮಿರಜ ಮತ್ತು ಜತ್ತ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಈಗಲೂ ಕನ್ನಡವೇ ಮನೆಮಾತು. ಹೊಳೆ ಒಂದೇ, ಜನರೂ ಬಹಳ ಬೇರೆಯಲ್ಲ.

ನಾಲೆಯಿಂದ ನೀರು ಹಿಂದಕ್ಕೆ ನುಗ್ಗುವುದು ಹೇಗೆಂದು ತಿಳಿಯಲು ದೊಡ್ಡ ವಿದ್ಯೆ ಬೇಕಿಲ್ಲ. ಸಾಂಗಲಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಆಸುಪಾಸಿನದು. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ಅದರ ಎಂಟು ಹತ್ತು ಪಟ್ಟು ಸುರಿಯುತ್ತದೆ. ಹೀಗಾಗಿ ಊರಿನ ಮೇಲೆ ಬಿಸಿಲಿರುವಾಗಲೂ ಹೊಳೆ ಏರಬಹುದು. ಘಟ್ಟ ಇಳಿದು ಬಯಲಿಗೆ ಬಂದ ಕೃಷ್ಣೆ ಇಲ್ಲಿ ನಿಧಾನಿ. ಇಳಿಜಾರು ಕಡಿಮೆ, ಸುತ್ತುಬಳಸು ಹೆಚ್ಚು. ಕೆಳಗಡೆ ವಾರಣೆ ಮತ್ತು ಪಂಚಗಂಗೆ ಅದೇ ಹೊತ್ತಿಗೆ ತುಂಬಿ ಬಂದರೆ ಕೃಷ್ಣೆಯ ನೀರು ಮುಂದೆ ಸಾಗದೆ ಹಿಂದೆ ಒತ್ತುತ್ತದೆ. ಹೊಳೆಯ ಮಟ್ಟ ನಾಲೆಯ ಬಾಯಿಗಿಂತ ಮೇಲೇರಿದ ಕ್ಷಣದಿಂದ ನಾಲೆಗೆ ಹೊರದಾರಿ ಇಲ್ಲ. ಊರಿನ ಕೊಳೆ ಒಳಗೇ ನಿಲ್ಲುತ್ತದೆ, ಹೊಳೆಯ ನೀರು ಅದರ ಮೇಲೆ ಏರಿ ಬರುತ್ತದೆ. ತಗ್ಗಿನ ಮನೆಗೆ ಮೊದಲು ಬರುವುದು ಕೃಷ್ಣೆಯ ಕೆಂಪು ನೀರಲ್ಲ, ತಮ್ಮದೇ ಊರಿನ ಕೊಳಕು. ನೀರು ಇಳಿದ ಮೇಲೂ ವಾಸನೆ, ಕಾಯಿಲೆ, ಹಾಳಾದ ಗೋಡೆ ಉಳಿಯುವುದು ಇದರಿಂದ.

ಬಾಯಿಗೆ ಒಂದು ಗೇಟು ಹಾಕಿ ಹೊಳೆಯ ನೀರನ್ನು ತಡೆಯಬಹುದಲ್ಲ ಎಂಬ ಸಲಹೆ ಸಹಜವಾಗಿ ಬರುತ್ತದೆ. ಗೇಟು ಮುಚ್ಚಿದಾಗ ಊರಿನ ಮೇಲೂ ಮಳೆ ಬಿದ್ದರೆ ಆ ನೀರು ಎಲ್ಲಿಗೆ ಹೋಗಬೇಕು? ಪಂಪು ಹಚ್ಚಿ ಎತ್ತಿ ಚೆಲ್ಲಬೇಕು. ಮಹಾಪೂರದ ದಿನ ವಿದ್ಯುತ್ತು ಹೋಗಿರುತ್ತದೆ, ಪಂಪುಮನೆಯೇ ಮುಳುಗಿರುತ್ತದೆ. ಗೇಟು ಬೇಡವೆಂದಲ್ಲ, ಗೇಟಿನ ಹಿಂದೆ ಕೆಲವು ದಿನ ನೀರನ್ನು ಹಿಡಿದಿಡುವ ಖಾಲಿ ತಗ್ಗು ಇಲ್ಲದಿದ್ದರೆ ಅದು ಒಂದು ಮನೆಯ ನೀರನ್ನು ಇನ್ನೊಂದು ಮನೆಗೆ ಕಳಿಸುವ ಕೆಲಸವಾಗುತ್ತದೆ. ತಿರುಗಾಡಿ ಬಂದರೂ ಪ್ರಶ್ನೆ ನೆಲದ್ದೇ.

ಈ ಪ್ರಶ್ನೆಯನ್ನು ಬದಿಗೊತ್ತಿದ ದೊಡ್ಡ ಕಾರಣ ಕರ್ನಾಟಕದ ಆಲಮಟ್ಟಿ ಅಣೆಕಟ್ಟಿನ ಜಗಳ. ಸಾಂಗಲಿ, ಕೊಲ್ಹಾಪುರಗಳಲ್ಲಿ ಮಹಾಪೂರದ ಮಾತು ಬಂದಾಗಲೆಲ್ಲ ಬೆರಳು ಆಲಮಟ್ಟಿಯತ್ತ ತಿರುಗುತ್ತದೆ. ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ಎತ್ತರವನ್ನು 519.6ರಿಂದ 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟ ಮೇಲೆ ಆತಂಕ ಇನ್ನೂ ಹೆಚ್ಚಾಗಿದೆ. 2019ರ ಪೂರದ ನಂತರ ಮಹಾರಾಷ್ಟ್ರ ಸರ್ಕಾರವೇ ನಂದಕುಮಾರ ವಡನೆರೆ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ನೇಮಿಸಿತು. 2020ರಲ್ಲಿ ಬಂದ ಅದರ ವರದಿ ಆಲಮಟ್ಟಿ, ಹಿಪ್ಪರಗಿಗಳ ಹಿನ್ನೀರು ಆ ಪೂರಕ್ಕೆ ಕಾರಣವಲ್ಲ ಎಂದಿತು. ಕೆಲವೇ ದಿನಗಳಲ್ಲಿ ಸುರಿದ ವಿಪರೀತ ಮಳೆಯನ್ನೂ ನದಿಪಾತ್ರದ ಒತ್ತುವರಿಯನ್ನೂ ಎತ್ತಿ ತೋರಿಸಿತು.

ಕರ್ನಾಟಕದಲ್ಲಿ ಆ ವರದಿಯ ಮೊದಲ ಮಾತಿಗೆ ಸಿಕ್ಕ ಕಿವಿ ಎರಡನೆಯ ಮಾತಿಗೆ ಸಿಗಲಿಲ್ಲ. ನಮ್ಮ ಅಣೆಕಟ್ಟು ನಿರ್ದೋಷಿ ಎಂದು ಸಮಾಧಾನಪಟ್ಟೆವು, ಮುಂದೆ ಓದಲಿಲ್ಲ. ಸಾಂಗಲಿಯಲ್ಲಿ ಹಲವರು ಆ ವರದಿಯನ್ನೇ ನಂಬಲಿಲ್ಲ. ಅಂಥ ಅಪನಂಬಿಕೆಯನ್ನು ತಪ್ಪೆಂದು ತಳ್ಳಿಹಾಕುವುದೂ ಸರಿಯಲ್ಲ; ಮೂರು ಸಲ ಮನೆ ಮುಳುಗಿದವರು ಲೆಕ್ಕಾಚಾರವನ್ನು ಮತ್ತೆ ಮತ್ತೆ ಕೇಳುವ ಹಕ್ಕುಳ್ಳವರು. ಆದರೆ ಇನ್ನೂರು ಕಿಲೋಮೀಟರಿಗೂ ಕೆಳಗಿರುವ ಅಣೆಕಟ್ಟಿನ ವಾದ ನ್ಯಾಯಾಲಯಗಳಲ್ಲಿ ದಶಕಗಟ್ಟಲೆ ನಡೆಯಬಹುದು. ಅಷ್ಟು ಕಾಲವೂ ಕಣ್ಣೆದುರಿನ ನಾಲೆಯ ಅಂಚಿಗೆ ಮಣ್ಣಿನ ಭರ್ತಿ ಬೀಳುತ್ತಲೇ ಇರುತ್ತದೆ. ಆಲಮಟ್ಟಿಯ ಎತ್ತರವನ್ನು ಸಾಂಗಲಿಯ ಪಾಲಿಕೆ ನಿರ್ಧರಿಸಲಾರದು. ಶೇರಿ ನಾಲೆಯ ಅಗಲವನ್ನು ನಿರ್ಧರಿಸುವ ಅಧಿಕಾರ ಅದರ ಕೈಯಲ್ಲೇ ಇದೆ.

ಮಹಾರಾಷ್ಟ್ರದಲ್ಲಿ ನದಿಗಳಿಗೆ ನೀಲಿ ರೇಖೆ, ಕೆಂಪು ರೇಖೆ ಎಂಬ ಪದ್ಧತಿ ಇದೆ. 25 ವರ್ಷಕ್ಕೊಮ್ಮೆ ಬರಬಹುದಾದ ಪೂರದ ಮಟ್ಟ ನೀಲಿ, 100 ವರ್ಷಕ್ಕೊಮ್ಮೆಯದು ಕೆಂಪು. ನೀಲಿಯ ಒಳಗೆ ಕಟ್ಟಡ ಕಟ್ಟುವಂತಿಲ್ಲ, ಎರಡರ ನಡುವೆ ಷರತ್ತಿನ ಮೇಲೆ ಕಟ್ಟಬಹುದು. ನಿಯಮ ಒಳ್ಳೆಯದೇ. ಕೊರತೆ ಇರುವುದು ಎರಡು ಕಡೆ. ಹದಿನಾರು ವರ್ಷಗಳಲ್ಲಿ ಮೂರು ಮಹಾಪೂರ ಕಂಡ ಊರಿಗೆ ಹಳೆಯ ದಾಖಲೆಯ ಮೇಲೆ ಎಳೆದ 25, 100ರ ಲೆಕ್ಕ ಎಷ್ಟು ನಂಬಿಕೆಗೆ ಅರ್ಹ ಎಂಬುದು ಒಂದು. ರೇಖೆ ಹೊಳೆಯ ಗುಂಟ ಸಾಗಿದಷ್ಟು ಗಟ್ಟಿಯಾಗಿ ಹಳ್ಳದ ಗುಂಟ ಒಳಗೆ ಬರುವುದಿಲ್ಲ ಎಂಬುದು ಇನ್ನೊಂದು. ನೀರು ಒಳಬರುವ ದಾರಿಯೇ ಹಳ್ಳವಾಗಿರುವ ಊರಿನಲ್ಲಿ ಇದು ಸಣ್ಣ ಕೊರತೆಯಲ್ಲ.

ಹಳೆಯವರ ನೆಲಜ್ಞಾನಕ್ಕೂ ಈ ಹದಿನಾರು ವರ್ಷ ಪೆಟ್ಟು ಕೊಟ್ಟಿದೆ. ಸಾಂಗಲಿ ಅರಿಸಿನದ ಪೇಟೆ; 2018ರಲ್ಲಿ ಇಲ್ಲಿನ ಅರಿಸಿನಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಆ ಅರಿಸಿನವನ್ನು ಹರಿಪುರದ ನೆಲದೊಳಗೆ, ನಮ್ಮ ಕಡೆಯ ಹಗೇವುಗಳಂಥ ಆಳದ ಗುಂಡಿಗಳಲ್ಲಿ ತುಂಬಿಡುತ್ತಿದ್ದರು. ಅಲ್ಲಿನವರು ಅವನ್ನು ಪೇವ್ ಎನ್ನುತ್ತಾರೆ. ಅಲ್ಲಿನ ಮಣ್ಣು ಹೇಗಿದೆಯೆಂದರೆ ವರ್ಷಗಟ್ಟಲೆ ಇಟ್ಟರೂ ಹುಳ ಹಿಡಿಯದು, ಬಣ್ಣ ಕೆಡದು. ಹೊಳೆಯ ಪಕ್ಕದ ಊರಿನಲ್ಲಿ ನೆಲದಡಿ ಸರಕು ಇಡುವ ಧೈರ್ಯ ಅವರಿಗಿತ್ತೆಂದರೆ, ನೀರು ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬ ಅಂದಾಜು ತಲೆಮಾರುಗಳಿಂದ ಅವರಲ್ಲಿತ್ತು. 2005ರಲ್ಲಿ ಆ ಅಂದಾಜು ಹುಸಿಯಾಯಿತು. ಗುಂಡಿಗಳಿಗೆ ನೀರು ಹೊಕ್ಕು ಅಪಾರ ಅರಿಸಿನ ಹಾಳಾಯಿತು. ವ್ಯಾಪಾರಿಗಳು ಗೋದಾಮು, ಶೀತಲಗೃಹಗಳ ಕಡೆ ಹೊರಳಿದರು. ಮಳೆಯ ವರಸೆ ಬದಲಾಗಿದೆಯೋ, ಹೊಳೆಯ ಹಾದಿ ಇಕ್ಕಟ್ಟಾಗಿದೆಯೋ, ಎರಡೂ ಸೇರಿವೆಯೋ. ಹಳೆಯ ಸುರಕ್ಷಿತ ನೆಲ ಈಗ ಸುರಕ್ಷಿತವಲ್ಲ. ಹಾಗಿದ್ದರೆ ಹಳೆಯ ಅಪಾಯದ ನೆಲದಲ್ಲಿ ಹೊಸ ಮನೆ ಕಟ್ಟಲು ಬಿಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ನಾಲೆಗಾಗಿ ಏನೂ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಯಲ್ಲಿ ಕೃಷ್ಣಾತೀರದ ಕರಾಡದ ಜೊತೆಗೆ ಸಾಂಗಲಿಯೂ ಸೇರಿತ್ತು. ಶೇರಿ ನಾಲೆಯ ಕೊಳೆನೀರನ್ನು ಹೊಳೆಗೆ ಸೇರುವ ಮೊದಲೇ ಹಿಡಿದು, ಪಂಪಿನಿಂದ ಎತ್ತಿ, ಕೊಳವೆಯಲ್ಲಿ ದೂರದ ಧುಳಗಾಂವಕ್ಕೆ ಸಾಗಿಸಿ, ಅಲ್ಲಿ ಕೊಳಗಳಲ್ಲಿ ಶುದ್ಧಿ ಮಾಡಿ ಹೊಲಗಳಿಗೆ ಕೊಡುವ ಯೋಜನೆ ರೂಪುಗೊಂಡಿತು. ಒಳ್ಳೆಯ ಕಲ್ಪನೆ: ಸಾಂಗಲಿಗೆ ಬೇಡವಾದ ನೀರು ಒಣ ಸೀಮೆಯ ರೈತರಿಗೆ ಬೇಕಾಗಿದೆ. ಆದರೆ ಕೆಲಸ ವರ್ಷಗಟ್ಟಲೆ ಎಳೆಯಿತು, ಶುರುವಾದ ಮೇಲೂ ನಾಲೆಯ ನೀರು ಹೊಳೆಗೆ ಸೇರುವುದು ನಿಲ್ಲಲಿಲ್ಲ. ಸಾಂಗಲಿ, ಮಿರಜ, ಕುಪವಾಡಗಳನ್ನು ಕೂಡಿಸಿ 1998ರಲ್ಲಿ ಒಂದೇ ಮಹಾನಗರಪಾಲಿಕೆ ಆಯಿತು. 2011ರ ಜನಗಣತಿಯ ಹೊತ್ತಿಗೇ ಜನಸಂಖ್ಯೆ ಐದು ಲಕ್ಷ ದಾಟಿತ್ತು. ಇಷ್ಟು ದೊಡ್ಡ ಊರಿನ ಕೊಳೆಯನ್ನೆಲ್ಲ ಒಂದು ತುದಿಯಲ್ಲಿ ಹಿಡಿದು ಎತ್ತುತ್ತೇವೆ ಎಂದರೆ ಪಂಪು ನಿಂತ ದಿನ ಎಲ್ಲವೂ ಹೊಳೆಗೆ ಹೋಗುತ್ತದೆ. ಕೊಳೆ ಹುಟ್ಟುವ ವಾರ್ಡುಗಳಲ್ಲೇ ಸಣ್ಣ ಸಣ್ಣ ಶುದ್ಧೀಕರಣ ಘಟಕಗಳು ಬಂದು, ಅಲ್ಲಿಂದ ತಿಳಿಯಾದ ನೀರು ನಾಲೆಗಿಳಿದರೆ, ಒಂದು ಕೆಟ್ಟರೂ ಉಳಿದವು ನಡೆಯುತ್ತವೆ, ಬೇಸಿಗೆಯಲ್ಲಿ ನಾಲೆಯಲ್ಲೂ ನೀರಿರುತ್ತದೆ. ಧುಳಗಾಂವಕ್ಕೆ ಹೋಗುವ ನೀರೂ ಆಗ ಬೆಳೆಗೆ ಹೆಚ್ಚು ಯೋಗ್ಯವಾಗಿರುತ್ತದೆ.

ಸಾಂಗಲಿಗೆ ಉದ್ಯಾನಗಳ ಪ್ರೀತಿ ಇಲ್ಲವೆಂದೇನಲ್ಲ. ಪಟವರ್ಧನ ಸಂಸ್ಥಾನದ ಕಾಲದ ಆಮರಾಯಿಯ ನೆರಳಿಗೆ ಈಗಲೂ ಬೆಳಗಿನ ನಡಿಗೆಯವರು ಬರುತ್ತಾರೆ. ಪುಷ್ಪರಾಜ ಚೌಕದ ಹತ್ತಿರದ ಕಾಳಿ ಖಣಿಯ ನೀರಿನ ಸುತ್ತ ಸುಂದರೀಕರಣದ ಕೆಲಸ ನಡೆದಿದೆ. ಮಿರಜದಲ್ಲಿ ಗಣೇಶ ತಲಾವ್ ಊರಿನ ನಡುವೆಯೇ ಇದೆ. ಇವುಗಳಲ್ಲಿ ಜನ ಕೂಡುತ್ತಾರೆ, ಮಕ್ಕಳು ಆಡುತ್ತಾರೆ. ಕಾಪಾಡಿಕೊಂಡು ಬಂದವರಿಗೆ ಊರು ಋಣಿ. ಆದರೆ ಉದ್ಯಾನವೆಂದರೆ ಬೇಲಿ ಹಾಕಿದ ಹಸಿರು, ಕಾರಂಜಿ, ದೀಪ. ನಾಲೆಯೆಂದರೆ ಕಾಂಕ್ರೀಟು ಗೋಡೆಯ ನಡುವೆ ತಳ್ಳಿಬಿಡುವ ಕೊಳೆ. ಎರಡಕ್ಕೂ ಬೇರೆ ಬೇರೆ ಹಣ, ಬೇರೆ ಬೇರೆ ಎಂಜಿನಿಯರರು. ನಾಲೆಯ ದಂಡೆಯೇ ಉದ್ಯಾನವಾಗಬಹುದು ಎಂಬ ಯೋಚನೆಗೆ ಈ ಏರ್ಪಾಡಿನಲ್ಲಿ ಎಡೆಯೇ ಇಲ್ಲ.

ಸಿಂಗಪುರದಲ್ಲಿ ಅದನ್ನು ಮಾಡಿ ತೋರಿಸಿದ್ದಾರೆ. ಅಲ್ಲಿನ ಬಿಷಾನ್ ಬಡಾವಣೆಯ ಪಕ್ಕ ಕಲಾಂಗ್ ಎಂಬ ಹೊಳೆ 2.7 ಕಿ.ಮೀ. ಉದ್ದದ ನೇರ ಕಾಂಕ್ರೀಟು ಕಾಲುವೆಯಾಗಿತ್ತು, ಮಗ್ಗುಲಲ್ಲಿ ಹಳೆಯದೊಂದು ಉದ್ಯಾನ. ಕಾಲುವೆಗೂ ಉದ್ಯಾನಕ್ಕೂ ನಡುವೆ ಬೇಲಿ. 2012ರ ಹೊತ್ತಿಗೆ ಕಾಂಕ್ರೀಟನ್ನು ಒಡೆದು ಹೊಳೆಯನ್ನು ಉದ್ಯಾನದೊಳಗೇ ಬಿಟ್ಟರು. ಅದು ಈಗ 3.2 ಕಿ.ಮೀ. ಬಳಸಿಕೊಂಡು ಹರಿಯುತ್ತದೆ. ಬೇರೆ ದಿನ ತೆಳ್ಳಗೆ, ಮಕ್ಕಳು ಕಾಲಿಡುವಷ್ಟು. ಮಳೆ ಬಂದಾಗ ಸುಮಾರು ನೂರು ಮೀಟರು ಅಗಲಕ್ಕೆ ಹರಡಿ, ಹುಲ್ಲಿನ ಮೇಲೆ ನಿಂತು, ಆಮೇಲೆ ಇಳಿಯುತ್ತದೆ. ನೀರು ಏರುವುದನ್ನು ಗುರುತಿಸಿ ಜನರನ್ನು ಎಚ್ಚರಿಸುವ ವ್ಯವಸ್ಥೆ ಇದೆ. ಸಿಂಗಪುರದ ಹಣ ಸಾಂಗಲಿಯಲ್ಲಿಲ್ಲ ಎಂಬ ಮಾತು ನಿಜ. ಆದರೆ ಅಲ್ಲಿನ ಜಾಣತನ ಇದ್ದದ್ದು ದುಬಾರಿ ಕಲ್ಲುಹಾಸಿನಲ್ಲಲ್ಲ. ಉದ್ಯಾನ ಮತ್ತು ಕಾಲುವೆ ಎರಡಕ್ಕೂ ಕೊಟ್ಟಿದ್ದ ನೆಲವನ್ನು ಒಂದೇ ಎಂದು ಎಣಿಸಿದ್ದರಲ್ಲಿ.

ಸೋಲ್ ನಗರದ ಚೊಂಗ್ಯೆಚೊನ್ ಹಳ್ಳದ ಕಥೆ ಇದಕ್ಕಿಂತ ಹೆಚ್ಚು ಪ್ರಸಿದ್ಧ. ಮೇಲೆ ಹಾದುಹೋಗಿದ್ದ ಎತ್ತರದ ಹೆದ್ದಾರಿಯನ್ನೇ ಕೆಡವಿ 2005ರಲ್ಲಿ 5.8 ಕಿ.ಮೀ. ಹಳ್ಳವನ್ನು ಮತ್ತೆ ತೆರೆದರು. ಕೋಟ್ಯಂತರ ಜನ ನೋಡಿ ಬಂದಿದ್ದಾರೆ. ಆದರೆ ಆ ಹಳ್ಳದಲ್ಲಿ ಹರಿಯುವ ನೀರನ್ನು ಬಹುಪಾಲು ಹಾನ್ ನದಿಯಿಂದ ಪಂಪು ಹಚ್ಚಿ ತಂದು ಬಿಡುತ್ತಾರೆ, ದಿನಕ್ಕೆ ಸುಮಾರು 1.2 ಲಕ್ಷ ಟನ್. ನೋಟಕ್ಕೆ ಹಳ್ಳ, ಒಳಗೆ ಯಂತ್ರ. ಸಾಂಗಲಿಗೆ ಇದು ಮಾದರಿಯಾಗಬಾರದು.

ಹತ್ತಿರದ ಉದಾಹರಣೆಗಳು ಇನ್ನೂ ಕಟುವಾದವು. 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯಲ್ಲಿ ಕಾತ್ರಜದ ಕಡೆಯಿಂದ ಬರುವ ಆಂಬಿಲ್ ಹಳ್ಳ ಉಕ್ಕಿ ಬಂದು, ಆ ಮಳೆಗೆ ನಗರ ಮತ್ತು ಸುತ್ತಲಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಬಲಿಯಾದರು. ಬೇಸಿಗೆಯಲ್ಲಿ ಹಾರಿ ದಾಟಬಹುದಾದ ಹಳ್ಳ ಅದು. ಮುಂದಿನದು ಇನ್ನೂ ಕಲಿಯಬೇಕಾದ ಭಾಗ. 2021ರ ಜೂನ್‌ನಲ್ಲಿ ಹಳ್ಳದ ಹಾದಿ ಸರಿಪಡಿಸುವ ಹೆಸರಿನಲ್ಲಿ ದಾಂಡೇಕರ್ ಸೇತುವೆಯ ಹತ್ತಿರದ ಕೊಳೆಗೇರಿಯ ಮನೆಗಳನ್ನು ಪಾಲಿಕೆ ಕೆಡವತೊಡಗಿತು. ಕೊರೋನಾ ಕಾಲ, ಮಳೆಗಾಲ. ಜನ ಬೀದಿಯಲ್ಲಿ ಕೂತು ಪ್ರತಿಭಟಿಸಿದರು. ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಬೆಂಗಳೂರಿನವರಿಗೂ ಇದು ಗೊತ್ತಿರುವ ಕಥೆ. 2016ರಲ್ಲಿ ರಾಜಕಾಲುವೆ ತೆರವಿಗೆ ಮಧ್ಯಮವರ್ಗದ ಮನೆಗಳು ಉರುಳಿದವು. ಅದೇ ವರ್ಷ ಹಸಿರು ನ್ಯಾಯಮಂಡಳಿ ಕೆರೆಗಳಿಗೆ 75 ಮೀಟರ್, ರಾಜಕಾಲುವೆಗಳಿಗೆ 50, 35, 25 ಮೀಟರ್ ಅಂಚು ಬಿಡಬೇಕೆಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. 2022ರ ಮಳೆಗೆ ನಗರದ ಪೂರ್ವಭಾಗ ಮುಳುಗಿದಾಗ ಮತ್ತೆ ಬುಲ್ಡೋಜರು ಬಂತು.

ಇಲ್ಲೇ ಈ ವಾದ ಕಷ್ಟಕ್ಕೆ ಬೀಳುತ್ತದೆ. ಹಳ್ಳಕ್ಕೆ ನೆಲ ಬೇಕು ಎಂದು ಹೇಳುವುದು ಸುಲಭ. ಆ ನೆಲದ ಮೇಲೆ ಈಗ ಮನೆಗಳಿವೆ. ದತ್ತನಗರದಲ್ಲೋ ಇನಾಮದಾರ ಪ್ಲಾಟಿನಲ್ಲೋ ಅರ್ಧ ಗುಂಟೆ ಕೊಂಡವರು ಅದನ್ನು ಕದ್ದು ತಂದವರಲ್ಲ. ಊರು ಅವರಿಗೆ ಬೇರೆ ನೆಲವನ್ನು ಕೈಗೆಟಕುವ ಬೆಲೆಗೆ ಕೊಡಲಿಲ್ಲ. ತೆರಿಗೆ ಪಡೆದು, ನಳ ಕೊಟ್ಟು, ಮತ ಪಡೆದ ಆಡಳಿತ ಒಂದು ದಿನ ನಕ್ಷೆ ಬಿಚ್ಚಿ ನೀವು ಹಳ್ಳದಲ್ಲಿದ್ದೀರಿ ಎನ್ನುವುದು ನ್ಯಾಯವಲ್ಲ. ಕೆಲಸದಿಂದ, ಶಾಲೆಯಿಂದ, ಆಸ್ಪತ್ರೆಯಿಂದ ಹತ್ತು ಕಿಲೋಮೀಟರು ಆಚೆ ಎಸೆಯುವುದನ್ನು ಪುನರ್ವಸತಿ ಎನ್ನಲಾಗದು. ಅದೇ ವಾರ್ಡಿನ ಎತ್ತರದ ನೆಲದಲ್ಲಿ, ಮೊದಲು ಮನೆ ಕಟ್ಟಿ ಬೀಗದ ಕೈ ಕೊಟ್ಟು, ಆಮೇಲೆ ತಗ್ಗಿನ ನೆಲ ಕೇಳಬೇಕು. ಪ್ರತಿ ಪೂರಕ್ಕೂ ಸ್ಥಳಾಂತರ, ಕಾಳಜಿ ಕೇಂದ್ರ, ಪಂಚನಾಮೆ, ಪರಿಹಾರ ಎಂದು ಸರ್ಕಾರ ಖರ್ಚು ಮಾಡುತ್ತಲೇ ಬಂದಿದೆ. ಮೂರು ಪೂರಗಳ ಆ ಖರ್ಚನ್ನು ಒಂದು ಕಡೆ ಕೂಡಿಸಿ, ಮನೆ ಕಟ್ಟಿಕೊಡುವ ಖರ್ಚನ್ನು ಇನ್ನೊಂದು ಕಡೆ ಇಟ್ಟು ಪಾಲಿಕೆಯ ಸಭೆಯಲ್ಲಿ ಓದಿ ಹೇಳುವ ಕೆಲಸ ನಡೆಯಬೇಕು. ಅಲ್ಲಿಯವರೆಗೆ ಇನ್ನೂ ಖಾಲಿಯಿರುವ ನೆಲವನ್ನಾದರೂ ಇಂದೇ ಗುರುತಿಸಿ ಭರ್ತಿ ಹಾಕದಂತೆ ಕಾಯಬಹುದು. ಅದಕ್ಕೆ ಯಾರ ಮನೆಯನ್ನೂ ಮುಟ್ಟಬೇಕಿಲ್ಲ.

ಇನ್ನೊಂದು ಆಕ್ಷೇಪ ಬಲವಾದದ್ದು. 57 ಅಡಿಯ ಪೂರವನ್ನು ನಾಲೆಯ ಪಕ್ಕದ ಉದ್ಯಾನ ತಡೆದೀತೆ? ತಡೆಯಲಾರದು. ಕೊಯ್ನಾದ 105 ಟಿಎಂಸಿ ಜಲಾಶಯ ತುಂಬಿ, ವಾರಣೆಯೂ ಪಂಚಗಂಗೆಯೂ ಏರಿ ಬಂದಾಗ ಯಾವ ಹುಲ್ಲುಗಾವಲೂ ಸಾಲದು. ಉದ್ಯಾನದಿಂದ ಮಹಾಪೂರ ನಿಲ್ಲುತ್ತದೆ ಎಂದು ಯಾರಾದರೂ ಮಾರಲು ಬಂದರೆ ನಂಬಬಾರದು. ಆದರೆ 50 ಅಡಿಯ ಪೂರ ಎಲ್ಲೋ ಕೆಲವು ವರ್ಷ ಬರುತ್ತದೆ. 35, 40 ಅಡಿಯ ಏರಿಕೆ ಅದಕ್ಕಿಂತ ಎಷ್ಟೋ ಹೆಚ್ಚು ಸಲ. ಈ ನಡುವಿನ ಮಟ್ಟದಲ್ಲೇ ತಗ್ಗಿನ ಜನ ಬೀದಿಗೆ ಬೀಳುವುದು, ಮತ್ತು ನಾಲೆಯ ನೆಲ ಕೆಲಸ ಮಾಡುವುದೂ ಇಲ್ಲೇ. ದೊಡ್ಡ ಪೂರದಲ್ಲೂ ಲೆಕ್ಕ ಬೇರೆಯಾಗುತ್ತದೆ: ಮುಳುಗಿದ ಹುಲ್ಲು ತಿಂಗಳೊಳಗೆ ಚಿಗುರುತ್ತದೆ, ಮುಳುಗಿದ ಅಂಗಡಿಯ ಸಾಲ ವರ್ಷಗಟ್ಟಲೆ ತೀರುವುದಿಲ್ಲ.

ಇದೇ ಜಿಲ್ಲೆಯ ಇನ್ನೊಂದು ಮುಖವನ್ನು ಮರೆತರೆ ಚಿತ್ರ ಅಪೂರ್ಣ. 2016ರ ಏಪ್ರಿಲ್‌ನಲ್ಲಿ ಬಾಯಾರಿದ ಲಾತೂರಿಗೆ ರೈಲಿನಲ್ಲಿ ಕೃಷ್ಣೆಯ ನೀರು ಹೋದದ್ದು ಮಿರಜದಿಂದ. ಮೊದಲ ರೈಲಿಗೆ ಹತ್ತು ವ್ಯಾಗನ್, ಐದು ಲಕ್ಷ ಲೀಟರು. ಆಮೇಲೆ ಐವತ್ತು ವ್ಯಾಗನ್‌ಗಳ ರೈಲುಗಳು ಓಡಿದವು. ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಗಳು ಕುಡಿಯುವ ನೀರಿಗಾಗಿ ದಶಕಗಳಿಂದ ಕೂಗುತ್ತಿವೆ. 2022ರಲ್ಲಿ ಆ ಕೂಗು ಗಡಿವಿವಾದದ ಸುದ್ದಿಯಾಯಿತು, ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ತಿಕ್ಕೊಂಡಿಯ ಕಡೆಗೆ ಹರಿಯಿತು. ಖಾನಾಪುರ, ತಾಸಗಾಂವ, ಕವಠೆ ಮಹಾಂಕಾಳಗಳನ್ನು ದಾಟಿ ಅಥಣಿ ತಾಲ್ಲೂಕಿಗೆ ಬರುವ ಅಗ್ರಣಿ ಬತ್ತಿಹೋಗಿದ್ದ ಹೊಳೆ. ಹೂಳೆತ್ತಿ, ಸಣ್ಣ ಬಾಂದಾರ ಕಟ್ಟಿ, ಒತ್ತುವರಿ ಬಿಡಿಸಿ ಅದನ್ನು ಎಬ್ಬಿಸುವ ಕೆಲಸ ಕಳೆದ ದಶಕದಲ್ಲಿ ಊರವರು ಮತ್ತು ಅಧಿಕಾರಿಗಳು ಕೂಡಿ ಮಾಡಿದರು. ಬರದ ಸೀಮೆಯ ಜನ ಹೊಳೆಯ ಪಾತ್ರವನ್ನು ಅಳತೆ ಮಾಡಿ, ಕಲ್ಲು ನೆಟ್ಟು, ತಮ್ಮದೇ ಹೊಲದ ಅಂಚು ಬಿಟ್ಟುಕೊಟ್ಟಿರುವಾಗ ನೀರಿನ ಸಿರಿಯುಳ್ಳ ಊರಿಗೆ ಅದು ಆಗದ ಕೆಲಸವಲ್ಲ.

ಕರ್ನಾಟಕ ಈ ವಿಷಯದಲ್ಲಿ ಉಪದೇಶ ಮಾಡುವ ಸ್ಥಿತಿಯಲ್ಲಿಲ್ಲ. ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆಯಿಂದ ಊರಿನ ನಡುವೆ ಹರಿಯುವ ನಾಲೆಯ ಗುಂಟ ಸೈಕಲ್ ಹಾದಿ, ನಡಿಗೆಯ ಹಾದಿ, ಉದ್ಯಾನ ಮಾಡುವ ಯೋಜನೆಗೆ ಫ್ರಾನ್ಸಿನ ನೆರವೂ ಸಿಕ್ಕಿತು. 2019ರಲ್ಲಿ ದೇಶದಲ್ಲಿ ಆಯ್ಕೆಯಾದ ಹನ್ನೆರಡು ಯೋಜನೆಗಳಲ್ಲಿ ಅದೂ ಒಂದು. ದಿಕ್ಕು ಸರಿಯಾಗಿದೆ. ಆದರೆ ಕೊಳೆ ನಿಲ್ಲದೆ ಹಾದಿ ಮಾಡಿದರೆ ಅಲ್ಲಿ ಸಂಜೆ ಕೂರುವವರು ಯಾರು? ಬೆಂಗಳೂರಿನ ಕೋರಮಂಗಲ ಕಣಿವೆಯ ಕೆ-100 ಯೋಜನೆಯೂ ಮೊದಲು ಎದುರಿಸಿದ ತೊಡಕು ಇದೇ. ಬೆಳಗಾವಿಯ ಬಳ್ಳಾರಿ ನಾಲೆಯಂತೂ ಪ್ರತಿ ಮಳೆಗಾಲ ವಡಗಾವಿ, ಶಹಾಪುರ, ಯಳ್ಳೂರಿನ ರೈತರ ಗದ್ದೆಗಳನ್ನು ಮುಳುಗಿಸುತ್ತದೆ; ಹೂಳು ತೆಗೆಯಿರಿ, ಒತ್ತುವರಿ ಬಿಡಿಸಿ ಎಂಬ ಅವರ ಮನವಿಗಳ ಕಡತ ದಪ್ಪಗಾಗುತ್ತಲೇ ಇದೆ.

ಹಾಗಾದರೆ ಸಾಂಗಲಿಯಲ್ಲಿ ಮೊದಲು ಆಗಬೇಕಾದದ್ದು ಕೊಳೆಯ ಕೆಲಸ. ಹೂಗಿಡ, ಬೆಂಚು ಆಮೇಲೆ. ನಾಲೆಗೆ ಕೂಡುವ ಗಟಾರಗಳನ್ನು ಒಂದೊಂದಾಗಿ ತಡೆದು ಶುದ್ಧೀಕರಣಕ್ಕೆ ತಿರುಗಿಸದೆ ಉದ್ಯಾನದ ಮಾತಿಗೆ ಅರ್ಥವಿಲ್ಲ. ಅದರ ಜೊತೆಜೊತೆಗೇ 2005, 2019, 2021ರಲ್ಲಿ ನೀರು ನಿಂತ ಗುರುತುಗಳನ್ನು ನಾಲೆಯ ಉದ್ದಕ್ಕೂ ಓಣಿ ಓಣಿಯ ಜನರಿಂದಲೇ ಕೇಳಿ ನಕ್ಷೆ ಮಾಡಬೇಕು. ಆ ನೆನಪು ಯಾವ ಕಚೇರಿಯ ಕಡತಕ್ಕಿಂತ ನಿಖರವಾಗಿ ಅಲ್ಲಿನ ಹೆಣ್ಣುಮಕ್ಕಳಲ್ಲಿದೆ. ಯಾವ ಗೂಡಿನವರೆಗೆ ನೀರು ಬಂತು, ಯಾವ ಮೆಟ್ಟಿಲಿನಲ್ಲಿ ನಿಂತಿತು ಎಂದು ಅವರು ಕೈಯಿಟ್ಟು ತೋರಿಸಬಲ್ಲರು. ನೀಲಿ ರೇಖೆಯನ್ನು ಆ ನಕ್ಷೆಯ ಮೇಲೆ ನಾಲೆಯ ಒಳಗಿನವರೆಗೂ ಎಳೆದರೆ ಉದ್ಯಾನದ ಗಡಿ ತಾನಾಗಿ ಸಿಗುತ್ತದೆ. ಅದರೊಳಗೆ ಆಟದ ಬಯಲು, ಮೇವಿನ ಹುಲ್ಲು, ಹೊಂಗೆ, ನೀರಂಜಿ, ವಾರದ ಸಂತೆ. ನೀರು ಬಂದಾಗ ಎತ್ತಿ ಒಯ್ಯಬಹುದಾದ, ಇಲ್ಲವೇ ಮುಳುಗಿದರೂ ಹಾಳಾಗದ ಎಲ್ಲಕ್ಕೂ ಅಲ್ಲಿ ಎಡೆ ಇದೆ.

ನಾಲೆಯ ಈ ಪ್ರಶ್ನೆಯನ್ನು ಎತ್ತಲು ಎರಡು ರಾಜ್ಯಗಳ ನಡುವೆ ವೇದಿಕೆಯೂ ಇದೆ. 2019ರ ಪೆಟ್ಟಿನ ನಂತರ ಮಳೆಗಾಲದ ಮುನ್ನ ಮಹಾರಾಷ್ಟ್ರ ಮತ್ತು ಕರ್ನಾಟಕದ ನೀರಾವರಿಯವರು ಮಾತಾಡಿಕೊಳ್ಳುವ ರೂಢಿ ಬೆಳೆದಿದೆ. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲ ಬೆಂಗಳೂರಿಗೆ ಬಂದು ಮುಖ್ಯಮಂತ್ರಿ ಯಡಿಯೂರಪ್ಪ ಅವರನ್ನು ಕಂಡದ್ದೂ ಇದೇ ಕೆಲಸಕ್ಕೆ. ಕೊಯ್ನಾದಿಂದ ಎಷ್ಟು ಬಿಡುವುದು, ಆಲಮಟ್ಟಿಯಲ್ಲಿ ಎಷ್ಟು ಇಳಿಸುವುದು ಎಂಬುದೇ ಅಲ್ಲಿನ ಮುಖ್ಯ ಮಾತು. ರಾಜಾಪುರ ಬಾಂದಾರದ ಮೇಲೆ ಮತ್ತು ಕೆಳಗೆ ನೀರಿನ ಗುಣವನ್ನು ಎರಡೂ ರಾಜ್ಯಗಳು ಕೂಡಿ ಅಳೆದು ತಿಂಗಳಿಗೊಮ್ಮೆ ಪ್ರಕಟಿಸಬೇಕೆಂದು ಕಾಗವಾಡ, ಚಿಕ್ಕೋಡಿಯ ಜನಪ್ರತಿನಿಧಿಗಳು ಆ ಸಭೆಯಲ್ಲಿ ಕೇಳಲು ಎಲ್ಲ ಕಾರಣವೂ ಇದೆ. ಶೇರಿ ನಾಲೆಯನ್ನು ಕಾರ್ಯಸೂಚಿಗೆ ಸೇರಿಸಲು ಅದು ನೇರ ದಾರಿ. ಕೇಳಲು ಹೋಗುವ ಕರ್ನಾಟಕದವರು ಬಳ್ಳಾರಿ ನಾಲೆಗೆ ತಾವೇನು ಮಾಡಿದ್ದೇವೆ ಎಂಬ ಲೆಕ್ಕವನ್ನೂ ಜೊತೆಗೆ ಒಯ್ಯಬೇಕಾಗುತ್ತದೆ.